12 ವೋಲ್ಟ್, 20 ಆಂಪಿಯರ್: ಕಾರಿನ ಆಂಪ್ಲಿಫೈಯರ್ ಮನೆಗೆ ಬಂದಾಗ

ಇವತ್ತಿನ ಸಂಚಿಕೆಯಲ್ಲಿ ಲೆಕ್ಕ ಸ್ವಲ್ಪ ಜಾಸ್ತಿ ಇದೆ. ಗಾಬರಿ ಬೇಡ, ಗುಣಾಕಾರ ಭಾಗಾಕಾರ ಬಂದರೆ ಸಾಕು. ಪಕ್ಕದಲ್ಲಿ ಒಂದು ಹಾಳೆ, ಒಂದು ಪೆನ್ನು ಇಟ್ಟುಕೊಂಡರೆ ಇನ್ನೂ ಒಳ್ಳೆಯದು.

ನಮ್ಮಂಥ ಊರು ಬಿಟ್ಟ ಜನ ಒಂದು ಕೆಲಸವನ್ನು ಪದೇ ಪದೇ ಮಾಡುತ್ತೇವೆ: ಕಾರು ಮಾರುವುದು. ದುಬೈಯಿಂದ ಸಿಂಗಾಪುರಕ್ಕೋ, ಡಲ್ಲಾಸ್‌ನಿಂದ ವಾಪಸ್ ಬೆಂಗಳೂರಿಗೋ ಹೊರಟಾಗ ಕಾರು ಹೋಗುತ್ತೆ. ಆಸೆಪಟ್ಟು ಹಾಕಿಸಿದ ಆಂಪ್ಲಿಫೈಯರ್‌ಗೆ ಕೊಳ್ಳುವವರು ಬೇರೆ ದುಡ್ಡು ಕೊಡುವುದಿಲ್ಲ. ಹಾಗಾಗಿ ಅದನ್ನು ಬಿಚ್ಚಿ ಎತ್ತಿಡುತ್ತೇವೆ. ಆಮೇಲೆ ಅದು ಅಟ್ಟದ ಮೇಲೋ ಗ್ಯಾರೇಜಿನ ಮೂಲೆಯಲ್ಲೋ ಕೂತಿರುತ್ತೆ. ನೋಡಿದಾಗೆಲ್ಲ ಅದೇ ಪ್ರಶ್ನೆ: ಇದನ್ನು ಮನೆಯಲ್ಲೇ ಟಿವಿಗೋ ಫೋನಿಗೋ ಜೋಡಿಸಿ ಹಾಡು ಕೇಳಬಹುದಲ್ವಾ?

ಕೇಳಬಹುದು, ಚೆನ್ನಾಗೇ ಕೇಳಬಹುದು. ಆದರೆ ಈ ಕೆಲಸಕ್ಕೆ ಕೈ ಹಾಕುವವರ ಬಾಯಲ್ಲಿ ಸಾಮಾನ್ಯವಾಗಿ ಬರುವ ಒಂದು ಮಾತಿದೆ: "12 ವೋಲ್ಟ್ ತಾನೇ, ಏನಾಗುತ್ತೆ?" ಈ ಮಾತು ಅರ್ಧ ನಿಜ. 12 ವೋಲ್ಟ್ ನಿಮಗೆ ಶಾಕ್ ಹೊಡೆಯುವುದಿಲ್ಲ. ಆದರೆ ಅದೇ 12 ವೋಲ್ಟ್ ವೈರನ್ನು ಸುಟ್ಟು ಮನೆಗೆ ಬೆಂಕಿ ಹಚ್ಚಬಲ್ಲದು. ಯಾಕೆ ಅನ್ನುವುದು ಅರ್ಥವಾದರೆ ಯಾವ ಪವರ್ ಸಪ್ಲೈ, ಎಷ್ಟು ದಪ್ಪದ ವೈರ್, ಎಷ್ಟರ ಫ್ಯೂಸ್ ಅನ್ನುವುದೆಲ್ಲ ತಾನಾಗಿಯೇ ತಿಳಿಯುತ್ತೆ. ಇವತ್ತು ಅದನ್ನೇ ನೋಡೋಣ.

ಆಂಪ್ಲಿಫೈಯರ್‌ಗೆ ಬೇಕಾದ್ದೇನು?

ತಾನು ಕಾರಿನಲ್ಲಿದ್ದೇನೋ ಮನೆಯಲ್ಲಿದ್ದೇನೋ ಆಂಪ್ಲಿಫೈಯರ್‌ಗೆ ಗೊತ್ತಾಗುವುದಿಲ್ಲ. ಅದರ ವಿದ್ಯುತ್ ಬದಿಯಲ್ಲಿ ಮೂರು ತಿರುಪುಗಳಿರುತ್ತವೆ. ಒಂದು ಪ್ಲಸ್ 12 ವೋಲ್ಟ್, ಇನ್ನೊಂದು ಗ್ರೌಂಡ್, ಮೂರನೆಯದು ರಿಮೋಟ್. ಮೊದಲ ಎರಡರಲ್ಲಿ ಶಕ್ತಿ ಹರಿಯುತ್ತದೆ. ಮೂರನೆಯದು ಬರೀ ಒಂದು ಸೂಚನೆ, "ಎದ್ದೇಳು" ಅಂತ ಹೇಳುವ ಸಣ್ಣ ತಂತಿ.

ಕಾರಿನ ಬ್ಯಾಟರಿಯನ್ನು 12 ವೋಲ್ಟ್ ಅಂತ ಕರೆದರೂ ಪೂರ್ತಿ ಚಾರ್ಜ್ ಆಗಿ ಸುಮ್ಮನೆ ಕೂತಾಗ ಅದರಲ್ಲಿ ಸುಮಾರು 12.6 ವೋಲ್ಟ್ ಇರುತ್ತೆ. ಎಂಜಿನ್ ಓಡುವಾಗ ಆಲ್ಟರ್ನೇಟರ್ ಅದನ್ನು 13.8ರಿಂದ 14.4ರ ಆಸುಪಾಸಿಗೆ ಏರಿಸುತ್ತೆ. ಆಂಪ್ಲಿಫೈಯರ್ ತಯಾರಿಸುವವರು ತಮ್ಮ ವಾಟ್‌ಗಳನ್ನು ಅಳೆಯುವುದು ಸಾಮಾನ್ಯವಾಗಿ ಈ ಮೇಲಿನ ವೋಲ್ಟೇಜಿನಲ್ಲಿ. ಮನೆಯಲ್ಲಿ ನಾವು ಕೊಡಬೇಕಾದ್ದು ಇದೇ: 12ರಿಂದ 14.4 ವೋಲ್ಟ್‌ನ ನೇರ ವಿದ್ಯುತ್, ಅಂದರೆ ಡಿಸಿ, ಏರಿಳಿತವಿಲ್ಲದೆ.

ಇನ್ನು ಪೆಟ್ಟಿಗೆಯ ಒಳಗೆ ಇಣುಕೋಣ. 4 ಓಮ್‌ನ ಸ್ಪೀಕರಿಗೆ 14.4 ವೋಲ್ಟನ್ನು ನೇರವಾಗಿ ಬಳಸಿ ಎಷ್ಟು ಶಕ್ತಿ ಕೊಡಬಹುದು? ಸ್ಪೀಕರಿನ ಎರಡೂ ತುದಿಗಳನ್ನು ಎದುರುಬದುರಾಗಿ ನಡೆಸುವ ಬ್ರಿಜ್ ವಿಧಾನದಲ್ಲೂ, ಸ್ವರ ಒಡೆಯದಂತೆ ಕೊಡಬಹುದಾದ್ದು ಆದರ್ಶ ಲೆಕ್ಕದಲ್ಲಿ 26 ವಾಟ್. 14.4ನ್ನು 14.4ರಿಂದ ಗುಣಿಸಿ 8ರಿಂದ ಭಾಗಿಸಿ ನೋಡಿ. ಹಾಗಾದರೆ ಡ್ಯಾಶ್‌ಬೋರ್ಡಿನ ಸ್ಟೀರಿಯೊ ಮೇಲೆ "50 ವಾಟ್, 4 ಚಾನೆಲ್" ಅಂತ ಬರೆದಿರುತ್ತಾರಲ್ಲ, ಅದು ಎಲ್ಲಿಂದ ಬಂತು? ಸ್ವರ ಪೂರ್ತಿ ಒಡೆದು ಚೌಕಾಕಾರದ ಅಲೆಯಾದಾಗ ಅದೇ ಲೆಕ್ಕ ಎರಡು ಪಟ್ಟಾಗಿ 52 ವಾಟ್ ಆಗುತ್ತೆ. ಸಂಖ್ಯೆ ಸುಳ್ಳಲ್ಲ, ಆದರೆ ಆ ಶಕ್ತಿಯಲ್ಲಿ ಹಾಡು ಕೇಳಲಾಗದು.

ಅದಕ್ಕೇ ದೊಡ್ಡ ಆಂಪ್ಲಿಫೈಯರ್ ಬೇರೆ ದಾರಿ ಹಿಡಿಯುತ್ತದೆ. ಉದಾಹರಣೆಗೆ 4 ಓಮ್‌ಗೆ ಒಡೆಯದ 75 ವಾಟ್ ಬೇಕಾದರೆ ಅಲೆಯ ತುದಿ ಸುಮಾರು 24.5 ವೋಲ್ಟ್ ಮುಟ್ಟಬೇಕು. 12 ವೋಲ್ಟ್‌ನಿಂದ ಅಷ್ಟು ಎತ್ತರ ಹತ್ತಲು ಒಳಗೊಂದು ಪರಿವರ್ತಕ ಇರುತ್ತೆ. ಮಾಸ್‌ಫೆಟ್ ಟ್ರಾನ್ಸಿಸ್ಟರುಗಳು ಡಿಸಿಯನ್ನು ಸೆಕೆಂಡಿಗೆ ಹತ್ತಾರು ಸಾವಿರ ಸಲ ಕಡಿದು ಕಡಿದು, ಬಳೆಯಾಕಾರದ ಒಂದು ಸಣ್ಣ ಟ್ರಾನ್ಸ್‌ಫಾರ್ಮರಿನ ಮೂಲಕ ಏರಿಸಿ, ಮತ್ತೆ ಡಿಸಿ ಮಾಡಿ, ಪ್ಲಸ್ ಮತ್ತು ಮೈನಸ್ ಎರಡೂ ಬದಿಯ ಎತ್ತರದ ವೋಲ್ಟೇಜ್ ತಯಾರಿಸುತ್ತವೆ. ಕಾರಿನ ಆಂಪ್ಲಿಫೈಯರಿನ ತೂಕ, ಬಿಸಿ, ಬೆಲೆ ಇವುಗಳಲ್ಲಿ ದೊಡ್ಡ ಪಾಲು ಈ ಪರಿವರ್ತಕದ್ದು.

ಇಲ್ಲಿ ಒಂದು ತಮಾಷೆ ಗಮನಿಸಿ. ಮನೆಯಲ್ಲಿ ನಾವು ಗೋಡೆಯ 230 ವೋಲ್ಟನ್ನು 12ಕ್ಕೆ ಇಳಿಸುತ್ತೇವೆ, ಆಂಪ್ಲಿಫೈಯರ್ ಅದನ್ನು ಮತ್ತೆ ಏರಿಸಿಕೊಳ್ಳುತ್ತದೆ. ಬೆಟ್ಟ ಇಳಿದು ಮತ್ತೆ ಬೆಟ್ಟ ಹತ್ತಿದ ಹಾಗೆ. ನಡುವಿನ ಆ ಕಣಿವೆಯಲ್ಲೇ ಎಲ್ಲ ಅಪಾಯ ಇರುವುದು. ಯಾಕೆ ಅಂತ ನೋಡೋಣ.

ವೋಲ್ಟ್ ಕಡಿಮೆಯಾದರೆ ಆಂಪಿಯರ್ ಜಾಸ್ತಿ

ಇವತ್ತಿನ ಉದಾಹರಣೆಗೆ ಸಾಧಾರಣ ಗಾತ್ರದ ಒಂದು ಆಂಪ್ಲಿಫೈಯರ್ ತೆಗೆದುಕೊಳ್ಳೋಣ: ಎರಡು ಚಾನೆಲ್, ತಲಾ 75 ವಾಟ್, ಎಬಿ ಕ್ಲಾಸ್. ಒಟ್ಟು 150 ವಾಟ್ ಹೊರಗೆ ಬರಬೇಕು. ಎಬಿ ಕ್ಲಾಸ್‌ನ ದಕ್ಷತೆ ಪೂರ್ಣ ದನಿಯಲ್ಲಿ ಸುಮಾರು ಶೇಕಡಾ 55 ಅಂತಿಟ್ಟುಕೊಳ್ಳಿ. ಆಗ ಒಳಗೆ ಹೋಗಬೇಕಾದ್ದು ಸುಮಾರು 273 ವಾಟ್. ಉಳಿದದ್ದು ಬಿಸಿಯಾಗಿ ಅಲ್ಯೂಮಿನಿಯಂ ರೆಕ್ಕೆಗಳಿಂದ ಹೊರಹೋಗುತ್ತದೆ.

ವಾಟ್ ಅಂದರೆ ವೋಲ್ಟ್ ಗುಣಿಸು ಆಂಪಿಯರ್. 273 ವಾಟನ್ನು 230 ವೋಲ್ಟ್‌ನ ಗೋಡೆಯಿಂದ ತೆಗೆದರೆ 1.2 ಆಂಪಿಯರ್ ಸಾಕು. ಅಮೆರಿಕ, ಕೆನಡಾದ 120 ವೋಲ್ಟ್‌ನಲ್ಲಾದರೆ 2.3 ಆಂಪಿಯರ್. ಅದೇ 273 ವಾಟನ್ನು 13.8 ವೋಲ್ಟ್‌ನಲ್ಲಿ ಕೊಡಬೇಕಾದರೆ? ಸುಮಾರು 20 ಆಂಪಿಯರ್!

ವೈರಿನಲ್ಲಿ ಹುಟ್ಟುವ ಬಿಸಿ ವಿದ್ಯುತ್ ಪ್ರವಾಹದ ವರ್ಗದ ಲೆಕ್ಕದಲ್ಲಿ ಏರುತ್ತದೆ ಅಂತ 1840ರ ದಶಕದ ಆರಂಭದಲ್ಲೇ ಜೇಮ್ಸ್ ಜೂಲ್ ತೋರಿಸಿಕೊಟ್ಟರು. 230 ವೋಲ್ಟಿಗೆ ಹೋಲಿಸಿದರೆ 13.8ರಲ್ಲಿ ಪ್ರವಾಹ ಸುಮಾರು 17 ಪಟ್ಟು. ಹಾಗಾಗಿ ಅದೇ ವೈರಿನಲ್ಲಿ ಬಿಸಿ ಸುಮಾರು 280 ಪಟ್ಟು. ಟೇಬಲ್ ಲ್ಯಾಂಪಿಗೆ ಹಾಕುವ ತೆಳು ವೈರು ಗೋಡೆಯ ಕಡೆ ಏನೂ ಆಗದೆ ಇರಬಹುದು. ಅದೇ ವೈರು ಆಂಪ್ಲಿಫೈಯರಿನ ಕಡೆ ಕಾದು ಪ್ಲಾಸ್ಟಿಕ್ ಮೆತ್ತಗಾಗಬಹುದು.

ನಮ್ಮ ನಾಡಿನವರಿಗೆ ಈ ಪಾಠ ಹೊಸದಲ್ಲ. 1902ರಲ್ಲಿ ಶಿವನಸಮುದ್ರದಲ್ಲಿ ಹುಟ್ಟಿದ ವಿದ್ಯುತ್ತನ್ನು ನೂರಕ್ಕೂ ಹೆಚ್ಚು ಕಿಲೋಮೀಟರ್ ದೂರದ ಕೋಲಾರದ ಚಿನ್ನದ ಗಣಿಗೆ ಸಾಗಿಸಿದಾಗ ಹತ್ತಾರು ಸಾವಿರ ವೋಲ್ಟಿಗೆ ಏರಿಸಿಯೇ ಸಾಗಿಸಿದರು. ವೋಲ್ಟ್ ಏರಿಸಿದರೆ ಆಂಪಿಯರ್ ಇಳಿಯುತ್ತೆ, ಆಂಪಿಯರ್ ಇಳಿದರೆ ದಾರಿಯಲ್ಲಿ ಪೋಲಾಗುವುದು ಕಡಿಮೆ. ನಾವು ಮನೆಯಲ್ಲಿ ಮಾಡಹೊರಟಿರುವುದು ಅದರ ತದ್ವಿರುದ್ಧ. ಹಾಗಾಗಿ ನಮ್ಮ 12 ವೋಲ್ಟ್‌ನ ದಾರಿ ಆದಷ್ಟು ಚಿಕ್ಕದಿರಬೇಕು, ದಪ್ಪಗಿರಬೇಕು.

ನಿಜವಾಗಿ ಎಷ್ಟು ಆಂಪಿಯರ್ ಬೇಕು?

20 ಆಂಪಿಯರ್ ಅಂದ ಕೂಡಲೇ ದೊಡ್ಡ, ದುಬಾರಿ ಪವರ್ ಸಪ್ಲೈ ಹುಡುಕಬೇಡಿ. ಆ 20 ಆಂಪಿಯರ್ ಬೇಕಾಗುವುದು ಎರಡೂ ಚಾನೆಲ್‌ಗಳು ಪೂರ್ಣ ಶಕ್ತಿಯಲ್ಲಿ ಒಂದೇ ಸಮನೆ ಕೂಗಿದಾಗ. ಹಾಡು ಹಾಗಿರುವುದಿಲ್ಲ. ಮೃದಂಗದ ಪೆಟ್ಟು ಕ್ಷಣಮಾತ್ರ ಮೇಲೆ ಹೋಗಿ ಇಳಿಯುತ್ತೆ, ತಂಬೂರಿಯ ಶ್ರುತಿ ಕೆಳಗೇ ಇರುತ್ತೆ. ಸರಾಸರಿ ತೆಗೆದರೆ ತುದಿಯ ಒಂದು ಸಣ್ಣ ಪಾಲು ಅಷ್ಟೇ.

ಜೊತೆಗೆ ಕಿವಿಯ ಲೆಕ್ಕವೂ ಇದೆ. ಮನೆಯ ಒಂದು ಸಾಮಾನ್ಯ ಸ್ಪೀಕರ್ 1 ವಾಟ್ ಕೊಟ್ಟರೆ 1 ಮೀಟರ್ ದೂರದಲ್ಲಿ ಸುಮಾರು 88 ಡೆಸಿಬೆಲ್ ಸದ್ದು ಮಾಡುತ್ತದೆ. ನಾವು ಎದುರುಬದುರು ಕೂತು ಮಾತಾಡುವುದು 60ರ ಆಸುಪಾಸು. ಅಂದರೆ ಒಂದೇ ವಾಟ್‌ಗೆ ಮಾತು ಮುಳುಗಿಹೋಗುತ್ತೆ. ಶಕ್ತಿ ಎರಡು ಪಟ್ಟಾದರೆ ಸದ್ದು ಏರುವುದು 3 ಡೆಸಿಬೆಲ್ ಮಾತ್ರ, ಹತ್ತು ಪಟ್ಟಾದರೆ 10. ಅಪಾರ್ಟ್‌ಮೆಂಟಿನಲ್ಲಿ ಇರುವವರಿಗೆ ಪಕ್ಕದ ಮನೆಯವರು ಬಾಗಿಲು ತಟ್ಟುವ ಮೊದಲು ಪೂರ್ಣ ಶಕ್ತಿ ಮುಟ್ಟುವುದು ಕಷ್ಟ.

ಹಾಗಾಗಿ ನಮ್ಮ ಉದಾಹರಣೆಯ ಆಂಪ್ಲಿಫೈಯರಿಗೆ, ಕೋಣೆಯಲ್ಲಿ ಹಾಡು ಕೇಳುವಷ್ಟಕ್ಕೆ, 10ರಿಂದ 15 ಆಂಪಿಯರ್ ಕೊಡುವ ಸಪ್ಲೈ ಸಾಕು. ದನಿ ಜೋರು ಮಾಡಿದಾಗ ಸಪ್ಲೈ ತಾನಾಗಿಯೇ ಆರಿ ಹತ್ತತೊಡಗಿದರೆ ನಿಮ್ಮ ಬೇಡಿಕೆ ಅದರ ಮಿತಿ ದಾಟಿತು ಅಂತ ಅರ್ಥ. ಡಿ ಕ್ಲಾಸ್ ಆಂಪ್ಲಿಫೈಯರ್ ಆದರೆ ದಕ್ಷತೆ ಶೇಕಡಾ 80 ದಾಟುವುದರಿಂದ ಅದೇ ದನಿಗೆ ಇನ್ನೂ ಕಡಿಮೆ ಸಾಕು. ಎಷ್ಟೇ ಲೆಕ್ಕ ಹಾಕಿದರೂ ಒಂದು ಗಟ್ಟಿ ಸುಳಿವು ಪೆಟ್ಟಿಗೆಯ ಮೇಲೇ ಇದೆ: ಅದರಲ್ಲಿ ಸಿಕ್ಕಿಸಿರುವ ಫ್ಯೂಸ್. 25 ಆಂಪಿಯರ್ ಫ್ಯೂಸ್ ಇದ್ದರೆ ಅದಕ್ಕಿಂತ ಹೆಚ್ಚನ್ನು ಅದು ಬಹಳ ಹೊತ್ತು ಎಳೆಯುವುದಿಲ್ಲ. ಡಬ್ಬದ ಮೇಲೆ "1000 ವಾಟ್" ಅಂತ ದಪ್ಪಕ್ಷರ ಇದ್ದು ಫ್ಯೂಸ್ ಬರೀ 25 ಆಂಪಿಯರ್ ಆಗಿದ್ದರೆ ಫ್ಯೂಸನ್ನೇ ನಂಬಿ.

ಯಾವ ಪವರ್ ಸಪ್ಲೈ?

ನಾಲ್ಕು ದಾರಿಗಳಿವೆ.

ಮೊದಲನೆಯದು, ಹವ್ಯಾಸಿ ರೇಡಿಯೊದವರು ಬಳಸುವ 13.8 ವೋಲ್ಟ್‌ನ ಸಪ್ಲೈ. 100 ವಾಟ್‌ನ ಹ್ಯಾಮ್ ರೇಡಿಯೊ 20 ಆಂಪಿಯರ್ ಮೇಲೆ ಎಳೆಯುವುದರಿಂದ ಇವು ಆ ಕೆಲಸಕ್ಕೆಂದೇ ತಯಾರಾದವು. ಗೋಡೆಯ ಕಡೆ ಪ್ಲಗ್ ಸಮೇತ ಬರುತ್ತವೆ, 230 ವೋಲ್ಟ್ ಕಡೆ ನೀವು ಕೈ ಹಾಕಬೇಕಾಗಿಲ್ಲ. ವಿದ್ಯುತ್ ಕೆಲಸದ ಅಭ್ಯಾಸ ಇಲ್ಲದವರಿಗೆ ನಾವು ಹೇಳುವುದು ಇದನ್ನೇ.

ಎರಡನೆಯದು, ಎಲ್‌ಇಡಿ ಪಟ್ಟಿ, 3ಡಿ ಪ್ರಿಂಟರ್‌ಗಳಿಗೆ ಹಾಕುವ, ತೂತುತೂತಿನ ತಗಡಿನ ಪೆಟ್ಟಿಗೆಯ ಎಸ್‌ಎಂಪಿಎಸ್. 12 ವೋಲ್ಟ್ 30 ಆಂಪಿಯರ್, ಅಂದರೆ 360 ವಾಟ್‌ನವು ಎಲ್ಲ ಕಡೆ ಸಿಗುತ್ತವೆ, ಬೆಲೆಯೂ ಕಡಿಮೆ. ತೊಂದರೆ ಏನೆಂದರೆ ಗೋಡೆಯ ವಿದ್ಯುತ್ತಿನ ತಿರುಪುಗಳು 12 ವೋಲ್ಟ್‌ನ ತಿರುಪುಗಳ ಪಕ್ಕದಲ್ಲೇ, ಬಹುತೇಕ ಬಯಲಲ್ಲೇ ಇರುತ್ತವೆ. ಮಕ್ಕಳಿರುವ ಮನೆಯಲ್ಲಿ ಇದನ್ನು ಹಾಗೇ ಇಡಕೂಡದು. ಗಾಳಿಯಾಡುವ, ಬೆರಳು ತೂರದ ಪೆಟ್ಟಿಗೆಯಲ್ಲಿ ಕೂರಿಸಿ, ಅರ್ಥಿಂಗ್ ತಂತಿಯನ್ನು ತಪ್ಪದೆ ಹಾಕಿಸಬೇಕು. ವೈರಿನ ಬಣ್ಣವೂ ದೇಶದಿಂದ ದೇಶಕ್ಕೆ ಬೇರೆ: ಯುರೋಪಿನ ಮಾದರಿಯಲ್ಲಿ ಕಂದು ಲೈನ್, ನೀಲಿ ನ್ಯೂಟ್ರಲ್, ಹಸಿರು-ಹಳದಿ ಅರ್ಥ್, ಅಮೆರಿಕದಲ್ಲಿ ಕಪ್ಪು ಲೈನ್, ಬಿಳಿ ನ್ಯೂಟ್ರಲ್, ಹಸಿರು ಅರ್ಥ್. ಭಾರತದ ಹಳೆಯ ವೈರಿಂಗ್‌ನಲ್ಲಿ ಕಪ್ಪು ನ್ಯೂಟ್ರಲ್ ಆಗಿರುತ್ತೆ! ಅಮೆರಿಕದ ಅಭ್ಯಾಸದಲ್ಲಿ ಊರಿನ ಮನೆಯ ವೈರಿಗೆ ಕೈ ಹಾಕಬೇಡಿ. ಗೊತ್ತಿದ್ದವರಿಂದ ಮಾಡಿಸಿ.

ಇದರಲ್ಲೇ ಇನ್ನೊಂದು ಎಚ್ಚರ. ಇಂಥ ಕೆಲವು ಸಪ್ಲೈಗಳ ಬದಿಯಲ್ಲಿ 115 ಮತ್ತು 230 ಅಂತ ಬರೆದ ಸಣ್ಣ ಸ್ವಿಚ್ ಇರುತ್ತೆ. ಅಮೆರಿಕದಿಂದ ತಂದದ್ದನ್ನು ಬೆಂಗಳೂರಿನಲ್ಲೋ ಲಂಡನ್ನಿನಲ್ಲೋ ಸಿಕ್ಕಿಸುವ ಮುಂಚೆ ಅದನ್ನು 230ಕ್ಕೆ ತಳ್ಳಿ. 115ರಲ್ಲಿಟ್ಟು 230 ಕೊಟ್ಟರೆ ಢಮ್ ಅನ್ನುತ್ತೆ, ಅಲ್ಲಿಗೆ ಅದರ ಕಥೆ ಮುಗಿಯಿತು.

ಮೂರನೆಯದು, ಹಳೆಯ ಡೆಸ್ಕ್‌ಟಾಪ್ ಕಂಪ್ಯೂಟರಿನ ಸಪ್ಲೈ. ಹಳದಿ ತಂತಿಗಳೆಲ್ಲ 12 ವೋಲ್ಟ್, ಕಪ್ಪೆಲ್ಲ ಗ್ರೌಂಡ್. ಹಸಿರು ತಂತಿಯನ್ನು ಕಪ್ಪಿಗೆ ಮುಟ್ಟಿಸಿದರೆ ಚಾಲೂ ಆಗುತ್ತೆ. ಲೇಬಲ್ಲಿನಲ್ಲಿ ಒಟ್ಟು ವಾಟ್ ನೋಡಬೇಡಿ, 12 ವೋಲ್ಟ್ ಸಾಲಿನ ಎದುರು ಬರೆದ ಆಂಪಿಯರ್ ನೋಡಿ. ಒಂದು ಹಳದಿ ತಂತಿಯನ್ನು ಮಾತ್ರ ಬಳಸಬೇಡಿ, ಹಲವನ್ನು ಸೇರಿಸಿ ಬಳಸಿ, ಕಪ್ಪನ್ನೂ ಅಷ್ಟೇ ಸಂಖ್ಯೆಯಲ್ಲಿ. ಪೆಟ್ಟಿಗೆಯನ್ನು ಮಾತ್ರ ಬಿಚ್ಚಬೇಡಿ. 230 ವೋಲ್ಟ್‌ನ ದೇಶದಲ್ಲಿ ಒಳಗಿನ ಕೆಪಾಸಿಟರ್‌ನಲ್ಲಿ 300 ವೋಲ್ಟಿಗೂ ಹೆಚ್ಚು ತುಂಬಿರುತ್ತೆ, ಪ್ಲಗ್ ಕಿತ್ತ ಮೇಲೂ ಸ್ವಲ್ಪ ಹೊತ್ತು ಅಲ್ಲೇ ಉಳಿಯಬಹುದು.

"ಅದು 12 ವೋಲ್ಟ್, ನನ್ನ ಆಂಪ್ಲಿಫೈಯರಿಗೆ 13.8 ಬೇಕಲ್ಲ" ಅಂತ ಕೇಳುವವರಿಗೆ: ಹೆಚ್ಚಿನ ಆಂಪ್ಲಿಫೈಯರುಗಳಲ್ಲಿ ಶಕ್ತಿ ಕಾಲುಭಾಗದಷ್ಟು ಕಡಿಮೆಯಾಗುತ್ತೆ, ನಿಜ. ಆದರೆ ಕಿವಿಗೆ ಅದು 1.2 ಡೆಸಿಬೆಲ್. ನಿಮಗೆ ಗೊತ್ತೂ ಆಗಲಿಕ್ಕಿಲ್ಲ.

ನಾಲ್ಕನೆಯದು, ಬ್ಯಾಟರಿ. ಕರ್ನಾಟಕದ ಎಷ್ಟೋ ಮನೆಗಳಲ್ಲಿ ಯುಪಿಎಸ್ ಜೊತೆ 12 ವೋಲ್ಟ್ ಬ್ಯಾಟರಿ ಇದ್ದೇ ಇರುತ್ತೆ. ಶುದ್ಧ ಡಿಸಿ, ಗುಂಯ್ ಅನ್ನುವ ಸದ್ದು ಇಲ್ಲ. ಆದರೆ ಶಾರ್ಟ್ ಆದರೆ ಬ್ಯಾಟರಿ ನೂರಾರು ಆಂಪಿಯರ್ ಸುರಿಯುತ್ತದೆ, ಅದನ್ನು ತಡೆಯುವವರು ಯಾರೂ ಇಲ್ಲ. ಸೀಸ-ಆಮ್ಲದ ಬ್ಯಾಟರಿ ಚಾರ್ಜ್ ಆಗುವಾಗ ಹೈಡ್ರೋಜನ್ ಬಿಡುತ್ತದೆ, ಮುಚ್ಚಿದ ಕೋಣೆಯಲ್ಲಿ ಅದು ಸಲ್ಲದು.

ಬೇಡವಾದ್ದೂ ಎರಡಿವೆ. ಕಾರಿನ ಬ್ಯಾಟರಿ ಚಾರ್ಜರನ್ನು ಮಾತ್ರ ನೇರ ಜೋಡಿಸಬೇಡಿ. ಹಳೆಯ ಮಾದರಿಯವು ಸಪಾಟಾದ ಡಿಸಿ ಕೊಡುವುದಿಲ್ಲ, ಅಲೆಅಲೆಯಾಗಿ ಕೊಡುತ್ತವೆ. 50 ಹರ್ಟ್ಸ್ ದೇಶಗಳಲ್ಲಿ 100 ಹರ್ಟ್ಸ್‌ನ, ಅಮೆರಿಕದಂಥ 60 ಹರ್ಟ್ಸ್ ದೇಶಗಳಲ್ಲಿ 120 ಹರ್ಟ್ಸ್‌ನ ಗುಂಯ್ ಕೇಳಿಸುತ್ತೆ. ಎರಡನೆಯದು, 5 ಆಂಪಿಯರಿನ ನಾಲ್ಕು ಅಡಾಪ್ಟರ್ ಸೇರಿಸಿ 20 ಆಂಪಿಯರ್ ಮಾಡಲು ಹೋಗಬೇಡಿ. ಅವು ಹೊರೆಯನ್ನು ಸಮನಾಗಿ ಹಂಚಿಕೊಳ್ಳುವುದಿಲ್ಲ, ಒಂದರ ತಲೆ ಮೇಲೇ ಬೀಳುತ್ತೆ.

ವೈರ್ ಮತ್ತು ಫ್ಯೂಸ್

ಈಗ ವೈರಿನ ಲೆಕ್ಕ. ಸಪ್ಲೈಯಿಂದ ಆಂಪ್ಲಿಫೈಯರಿಗೆ 2 ಮೀಟರ್ ದೂರ ಅಂದುಕೊಳ್ಳಿ. ಹೋಗುವ ದಾರಿ 2, ವಾಪಸ್ ಬರುವ ದಾರಿ 2, ಒಟ್ಟು 4 ಮೀಟರ್ ತಾಮ್ರ. ಲ್ಯಾಂಪಿನ 0.75 ಚದರ ಮಿಲಿಮೀಟರ್ ವೈರ್ ಹಾಕಿದರೆ 20 ಆಂಪಿಯರಿನಲ್ಲಿ 1.8 ವೋಲ್ಟ್ ದಾರಿಯಲ್ಲೇ ಹೋಗುತ್ತೆ. ವೈರಿನಲ್ಲಿ ಸುಮಾರು 37 ವಾಟ್ ಬಿಸಿ, ಒಂದು ಬೆಸುಗೆ ಹಾಕುವ ಸೋಲ್ಡರಿಂಗ್ ಐರನ್ನಿನಷ್ಟು. ಅದನ್ನು ಕಾರ್ಪೆಟ್ ಕೆಳಗೆ ತೂರಿಸಿದ್ದೀರಿ ಅಂತ ಊಹಿಸಿಕೊಳ್ಳಿ!

ಅದೇ 6 ಚದರ ಮಿಲಿಮೀಟರ್ ತಾಮ್ರ ಹಾಕಿದರೆ ಕಳೆಯುವುದು 0.23 ವೋಲ್ಟ್, ಬಿಸಿ 5 ವಾಟಿಗೂ ಕಡಿಮೆ. ದೂರವನ್ನು ಅರ್ಧ ಮೀಟರಿಗೆ ಇಳಿಸಿದರೆ ಕಳೆಯುವುದು ಬರೀ 0.06 ವೋಲ್ಟ್. ಅಮೆರಿಕದಲ್ಲಿರುವವರು 10 ಅಥವಾ 8 ಗೇಜ್ ವೈರ್ ಕೇಳಿ. ಗೇಜ್ ಸಂಖ್ಯೆ ಕಡಿಮೆಯಾದಷ್ಟೂ ವೈರ್ ದಪ್ಪ ಅನ್ನುವುದು ನೆನಪಿರಲಿ. ಅಗ್ಗದ ಕಾರ್ ಆಡಿಯೊ ಕಿಟ್‌ಗಳಲ್ಲಿ ಹೊರಗೆ ತಾಮ್ರದ ಲೇಪ, ಒಳಗೆ ಅಲ್ಯೂಮಿನಿಯಂ ಇರುವ ವೈರ್ ಬರುತ್ತೆ. ಅದಾದರೆ ಒಂದು ಅಳತೆ ಹೆಚ್ಚು ದಪ್ಪದ್ದೇ ಬೇಕು.

ಕಾರಿನಲ್ಲಿ ಗ್ರೌಂಡ್ ತಂತಿ ಗೇಣುದ್ದ ಇದ್ದರೂ ನಡೆಯುತ್ತೆ, ಯಾಕೆಂದರೆ ಕಾರಿನ ಇಡೀ ಉಕ್ಕಿನ ಮೈಯೇ ವಾಪಸ್ ಬರುವ ದಾರಿ. ಮನೆಯಲ್ಲಿ ಆ ಉಕ್ಕಿನ ಮೈ ಇಲ್ಲ. ಹಾಗಾಗಿ ಪ್ಲಸ್ ತಂತಿ ಎಷ್ಟು ದಪ್ಪವೋ ಗ್ರೌಂಡ್ ತಂತಿಯೂ ಅಷ್ಟೇ ದಪ್ಪ ಇರಬೇಕು. ಇನ್ನೊಂದು ಮಾತು: ಗ್ರೌಂಡ್ ಅಂತ ಬರೆದಿದೆ ಅಂತ ಅದನ್ನು ಗೋಡೆಯ ಅರ್ಥಿಂಗ್ ತೂತಿಗೆ ಜೋಡಿಸಬೇಡಿ. ಇಲ್ಲಿ ಗ್ರೌಂಡ್ ಅಂದರೆ ಸಪ್ಲೈಯ ಮೈನಸ್, ನೆಲವಲ್ಲ.

ಫ್ಯೂಸ್ ಇರುವುದು ಆಂಪ್ಲಿಫೈಯರನ್ನು ಉಳಿಸಲಿಕ್ಕೆ ಅಂತ ಬಹಳ ಜನ ತಿಳಿದಿದ್ದಾರೆ. ದಾರಿಯಲ್ಲಿ ಹಾಕುವ ಫ್ಯೂಸ್ ಇರುವುದು ವೈರನ್ನು, ಆ ಮೂಲಕ ಮನೆಯನ್ನು ಉಳಿಸಲಿಕ್ಕೆ. ಆದ್ದರಿಂದ ಅದು ವಿದ್ಯುತ್ತಿನ ಮೂಲದ ಹತ್ತಿರ ಇರಬೇಕು. ಬ್ಯಾಟರಿ ಆದರೆ ಪ್ಲಸ್ ತುದಿಯಿಂದ ಒಂದೂವರೆ ಅಡಿಯೊಳಗೆ. ಫ್ಯೂಸಿನ ಆಚೆ ಬದಿಯಲ್ಲಿ ವೈರ್ ಎಲ್ಲಿ ಸವೆದು ಶಾರ್ಟ್ ಆದರೂ ಫ್ಯೂಸ್ ಮೊದಲು ಹೋಗುತ್ತೆ. ನಮ್ಮ ಉದಾಹರಣೆಯಲ್ಲಿ 15 ಆಂಪಿಯರಿನ ಸಪ್ಲೈಗೆ 15ರ ಫ್ಯೂಸ್, 30 ಆಂಪಿಯರಿನದಕ್ಕೆ 25ರ ಫ್ಯೂಸ್. ಹೋದ ಫ್ಯೂಸಿನ ಜಾಗದಲ್ಲಿ ತಂತಿ ಸುತ್ತುವುದು, ಮೇಲಿನ ಸಂಖ್ಯೆಯದನ್ನು ಹಾಕುವುದು ಬೇಡವೇ ಬೇಡ. ಅದು ಹೋದದ್ದಕ್ಕೆ ಕಾರಣ ಇರುತ್ತೆ, ಅದನ್ನು ಹುಡುಕಿ.

ಜೋಡಿಸುವ ಕ್ರಮ

ಉಂಗುರ, ಲೋಹದ ಬಳೆ, ವಾಚು ತೆಗೆದಿಡಿ. 12 ವೋಲ್ಟ್ ಚರ್ಮವನ್ನು ದಾಟಿ ಶಾಕ್ ಹೊಡೆಯದು, ಆದರೆ ಪ್ಲಸ್ ಮೈನಸ್ ನಡುವೆ ಸಿಕ್ಕಿದ ಉಂಗುರ ಕ್ಷಣದಲ್ಲಿ ಕೆಂಪಗೆ ಕಾಯಬಲ್ಲದು.

ಸಪ್ಲೈಗೆ ಏನನ್ನೂ ಜೋಡಿಸದೆ ಮೊದಲು ಚಾಲೂ ಮಾಡಿ, ಮಲ್ಟಿಮೀಟರ್ ಹಿಡಿದು ವೋಲ್ಟೇಜ್ ಮತ್ತು ಪ್ಲಸ್ ಮೈನಸ್ ಖಚಿತ ಮಾಡಿಕೊಳ್ಳಿ. 14.4 ದಾಟಿರಬಾರದು. ಆಫ್ ಮಾಡಿ, ಪ್ಲಗ್ ಕಿತ್ತು, ಮೊದಲು ಗ್ರೌಂಡ್, ಆಮೇಲೆ ಫ್ಯೂಸಿನ ಮೂಲಕ ಪ್ಲಸ್ ಜೋಡಿಸಿ. ತುದಿಗಳಿಗೆ ಲಗ್ ಒತ್ತಿಸಿ ಗಟ್ಟಿಯಾಗಿ ಬಿಗಿಸಿ. ಸಡಿಲವಾದ ತಿರುಪು ತೆಳು ವೈರಿನಷ್ಟೇ ಬಿಸಿಯಾಗುತ್ತೆ. ಪ್ಲಸ್ ಮೈನಸ್ ಅದಲುಬದಲಾದರೆ ಹಲವು ಆಂಪ್ಲಿಫೈಯರುಗಳಲ್ಲಿ ರಕ್ಷಣೆಯ ಡಯೋಡ್ ಫ್ಯೂಸನ್ನು ಹಾರಿಸಿ ಉಳಿಸುತ್ತೆ, ಎಲ್ಲದರಲ್ಲೂ ಅಲ್ಲ.

ಇನ್ನು ರಿಮೋಟ್. ಕಾರಿನಲ್ಲಿ ಸ್ಟೀರಿಯೊ ಹಾಕಿದಾಗ ಅದು ಈ ತಂತಿಗೆ 12 ವೋಲ್ಟ್ ಕಳಿಸಿ ಆಂಪ್ಲಿಫೈಯರನ್ನು ಎಬ್ಬಿಸುತ್ತಿತ್ತು. ಮನೆಯಲ್ಲಿ ಆ ಕೆಲಸ ನಮ್ಮದು. ಫ್ಯೂಸ್ ಆದ ಮೇಲಿನ ಪ್ಲಸ್‌ನಿಂದ ಒಂದು ತೆಳು ತಂತಿ ತೆಗೆದು, ನಡುವೆ ಸಣ್ಣ ಸ್ವಿಚ್ ಹಾಕಿ, ರಿಮೋಟ್ ತಿರುಪಿಗೆ ಕೊಡಿ. ಈ ತೆಳು ತಂತಿಗೂ 1 ಆಂಪಿಯರಿನ ಒಂದು ಫ್ಯೂಸ್ ಇರಲಿ; ದೊಡ್ಡ ಫ್ಯೂಸ್ ಅದನ್ನು ಕಾಯಲಾರದು. ಇಲ್ಲಿ ಹರಿಯುವುದು ಅತ್ಯಲ್ಪ, ಹಾಗಾಗಿ ಸ್ವಿಚ್ ಚಿಕ್ಕದಾದರೂ ಸಾಕು. ಸ್ವಿಚ್ ಬೇಡ, ನೇರ ಕೊಟ್ಟುಬಿಡೋಣ ಅನ್ನಿಸಬಹುದು. ಆದರೆ ಆಗ ಸಪ್ಲೈ ಇರುವಷ್ಟು ಹೊತ್ತೂ ಆಂಪ್ಲಿಫೈಯರ್ ಎದ್ದೇ ಇರುತ್ತೆ, ಹಾಡಿಲ್ಲದಿದ್ದರೂ ಬಿಸಿಯಾಗುತ್ತಲೇ ಇರುತ್ತೆ.

ಹಾಕುವಾಗ ಮೊದಲು ಸಪ್ಲೈ, ಆಮೇಲೆ ಫೋನ್ ಅಥವಾ ಟಿವಿ, ಕೊನೆಗೆ ರಿಮೋಟ್ ಸ್ವಿಚ್. ಆರಿಸುವಾಗ ಮೊದಲು ರಿಮೋಟ್. ಈ ಕ್ರಮ ಹಿಡಿದರೆ ಸ್ಪೀಕರಿನಲ್ಲಿ ಧಬ್ ಅನ್ನುವ ಹೊಡೆತ ಇರುವುದಿಲ್ಲ. ಕಾರ್ ಆಡಿಯೊ ಅಂಗಡಿಯ 1 ಫ್ಯಾರಡ್ ಕೆಪಾಸಿಟರ್ ಮನೆಯಲ್ಲಿ ಬೇಡ. ಅದು ತುಂಬಿಕೊಳ್ಳುವ ರಭಸಕ್ಕೆ ಎಸ್‌ಎಂಪಿಎಸ್ ಶಾರ್ಟ್ ಆಯಿತು ಅಂತ ತಿಳಿದು ಚಾಲೂ ಆಗುವುದನ್ನೇ ನಿಲ್ಲಿಸಬಹುದು.

ಹಾಡು ಒಳಗೆ, ಸದ್ದು ಹೊರಗೆ

ಫೋನ್ ಅಥವಾ ಟಿವಿಯ ಹೆಡ್‌ಫೋನ್ ತೂತಿನಿಂದ ಕೆಂಪು ಬಿಳಿ ಆರ್‌ಸಿಎ ಪಿನ್‌ಗಳಿಗೆ ಒಂದು ಕೇಬಲ್ ಸಾಕು. ಗೇನ್ ಅನ್ನುವ ತಿರುಪು ವಾಲ್ಯೂಮ್ ಅಲ್ಲ. ಒಳಬರುವ ಸಂಕೇತ ಎಷ್ಟು ವೋಲ್ಟ್‌ನದು ಅಂತ ಆಂಪ್ಲಿಫೈಯರಿಗೆ ಹೇಳುವ ಹೊಂದಾಣಿಕೆ ಅದು. ಕಾರಿನ ಸ್ಟೀರಿಯೊ 2ರಿಂದ 4 ವೋಲ್ಟ್ ಕೊಡುತ್ತಿದ್ದರೆ ಫೋನ್ ಕೊಡುವುದು 1 ವೋಲ್ಟ್ ಅಥವಾ ಅದಕ್ಕೂ ಕಡಿಮೆ. ಗೇನನ್ನು ಕನಿಷ್ಠಕ್ಕಿಡಿ, ಫೋನಿನ ದನಿಯನ್ನು ಮುಕ್ಕಾಲಿಗೆ ಏರಿಸಿ, ಆಮೇಲೆ ಗೇನನ್ನು ನಿಧಾನವಾಗಿ ತಿರುಗಿಸುತ್ತ ಬನ್ನಿ. ಸ್ವರ ಒಡೆಯತೊಡಗಿದ ಕೂಡಲೇ ಸ್ವಲ್ಪ ಹಿಂದಕ್ಕೆ ತಂದು ಬಿಡಿ. ಮನೆಯ ಪೂರ್ಣ ಶ್ರೇಣಿಯ ಸ್ಪೀಕರ್ ಆದರೆ ಕ್ರಾಸ್‌ಓವರ್ ಸ್ವಿಚ್ ಆಫ್ ಅಥವಾ ಫುಲ್‌ನಲ್ಲಿರಲಿ.

ಕಾರಿನ ಸ್ಪೀಕರ್ ಹೆಚ್ಚಾಗಿ 4 ಓಮ್, ಮನೆಯವು ಹೆಚ್ಚಾಗಿ 8 ಅಥವಾ 6. 8 ಓಮ್ ಹಾಕಿದರೆ ಶಕ್ತಿ ಸುಮಾರು ಅರ್ಧವಾಗುತ್ತೆ, ಆದರೆ ಆಂಪ್ಲಿಫೈಯರ್ ತಣ್ಣಗಿರುತ್ತೆ, ಏನೂ ತೊಂದರೆಯಿಲ್ಲ. ತೊಂದರೆ ಇರುವುದು ಇನ್ನೊಂದು ಕಡೆ. ಎರಡು 4 ಓಮ್ ಸ್ಪೀಕರುಗಳನ್ನು ಸಮಾಂತರವಾಗಿ ಹಾಕಿದರೆ 2 ಓಮ್ ಆಗುತ್ತೆ. ಬ್ರಿಜ್ ಮಾಡಿದ ಆಂಪ್ಲಿಫೈಯರಿಗೆ ಸಾಮಾನ್ಯವಾಗಿ 4ಕ್ಕಿಂತ ಕೆಳಗೆ ಕೊಡುವಂತಿಲ್ಲ. ಎರಡು ಸ್ಪೀಕರಿನ ಮೈನಸ್ ತಂತಿಗಳನ್ನು ಒಂದಕ್ಕೊಂದು ಕಟ್ಟಲೂಬೇಡಿ, ಗ್ರೌಂಡಿಗೂ ಮುಟ್ಟಿಸಬೇಡಿ.

ಲ್ಯಾಪ್‌ಟಾಪ್ ಜೋಡಿಸಿದಾಗ ಮಾತ್ರ ಗುಂಯ್ ಬರುತ್ತಿದೆಯೇ? ಲ್ಯಾಪ್‌ಟಾಪಿನ ಚಾರ್ಜರ್ ಕಿತ್ತು ನೋಡಿ. ಸದ್ದು ನಿಂತರೆ ಅದು ಗ್ರೌಂಡ್ ಲೂಪ್. ಚಾರ್ಜರ್ ಮೂಲಕ ಒಂದು, ಸಪ್ಲೈ ಮೂಲಕ ಇನ್ನೊಂದು, ಹೀಗೆ ಎರಡು ದಾರಿಯಲ್ಲಿ ಅರ್ಥಿಂಗ್ ಸೇರಿ ಒಂದು ಸುತ್ತು ಆಗಿದೆ. ಆರ್‌ಸಿಎ ಕೇಬಲ್ಲಿನ ನಡುವೆ ಹಾಕುವ ಐಸೊಲೇಟರ್ ಅಥವಾ ಒಂದು ಬ್ಲೂಟೂತ್ ರಿಸೀವರ್ ಆ ಸುತ್ತನ್ನು ಕಡಿಯುತ್ತೆ. ಪ್ಲಗ್ಗಿನ ಅರ್ಥ್ ಪಿನ್ ಮುರಿದರೂ ಸದ್ದು ನಿಲ್ಲುತ್ತೆ, ಆದರೆ ಯಾರದೋ ಜೀವ ಕಾಯುವ ತಂತಿಯನ್ನು ಕಡಿದ ಹಾಗೆ. ಅದನ್ನು ಮಾತ್ರ ಮಾಡಬೇಡಿ.

ಸಬ್‌ವೂಫರನ್ನೂ ಕಾರಿನಿಂದ ತಂದವರಿಗೆ ಒಂದು ನಿರಾಸೆ ಕಾದಿದೆ: ಎದೆ ನಡುಗಿಸುತ್ತಿದ್ದ ಬೇಸ್ ಮನೆಯಲ್ಲಿ ಸಪ್ಪೆ ಅನ್ನಿಸುತ್ತೆ. ಆಂಪ್ಲಿಫೈಯರ್ ಕೆಟ್ಟಿಲ್ಲ. ಸದ್ದಿನ ಅಲೆಯ ಅರ್ಧ ಉದ್ದ ಕೋಣೆಗಿಂತ ದೊಡ್ಡದಾದಾಗ, ಒಳಗಿನ ಗಾಳಿಯೆಲ್ಲ ಒಟ್ಟಿಗೆ ಒತ್ತಿಸಿಕೊಂಡು ಬೇಸ್ ಏರುತ್ತದೆ. ಎರಡೂವರೆ ಮೀಟರ್ ಉದ್ದದ ಕಾರಿನೊಳಗೆ ಇದು ಸುಮಾರು 70 ಹರ್ಟ್ಸ್‌ನ ಕೆಳಗೇ ಶುರುವಾಗುತ್ತೆ. 6 ಮೀಟರಿನ ಹಜಾರದಲ್ಲಿ 30 ಹರ್ಟ್ಸ್‌ಗೂ ಕೆಳಗೆ ಹೋಗಬೇಕು. ಪುಕ್ಕಟೆ ಸಿಗುತ್ತಿದ್ದ ಆ ಸಹಾಯ ಕಾರಿನ ಜೊತೆಗೇ ಮಾರಾಟವಾಯಿತು. ಸಬ್‌ವೂಫರನ್ನು ಕೋಣೆಯ ಮೂಲೆಗೆ ಸರಿಸಿದರೆ ಸ್ವಲ್ಪ ವಾಪಸ್ ಬರುತ್ತೆ.

ಮಾಡಬೇಕೋ ಬೇಡವೋ?

ಕೊನೆಯದಾಗಿ ದುಡ್ಡಿನ ಮಾತು. ಆಂಪ್ಲಿಫೈಯರ್ ಇದೆ, ಹೊಂದುವ ಸಪ್ಲೈ ಕೈಯಲ್ಲಿದೆ ಅಥವಾ ಅಗ್ಗವಾಗಿ ಸಿಗುತ್ತೆ ಅನ್ನುವವರು ಖಂಡಿತ ಮಾಡಿ. ಒಳ್ಳೆಯ ಲೋಹ, ಒಳ್ಳೆಯ ಟ್ರಾನ್ಸಿಸ್ಟರು ಕಸಕ್ಕೆ ಹೋಗುವುದು ತಪ್ಪುತ್ತೆ. ಆದರೆ ಹೊಸ ಸಪ್ಲೈ, ದಪ್ಪ ವೈರ್, ಫ್ಯೂಸ್, ಪೆಟ್ಟಿಗೆ ಎಲ್ಲದರ ಬೆಲೆ ಕೂಡಿಸಿ ನೋಡಿ. ಅಷ್ಟರಲ್ಲೇ ಗೋಡೆಗೆ ನೇರ ಸಿಕ್ಕಿಸುವ ಸಣ್ಣ ಡಿ ಕ್ಲಾಸ್ ಆಂಪ್ಲಿಫೈಯರ್ ಬರುವುದಾದರೆ ಅದನ್ನೇ ಕೊಳ್ಳುವುದು ಜಾಣತನ. ಅದಕ್ಕೆ ಬೆಟ್ಟ ಇಳಿದು ಹತ್ತುವ ಕೆಲಸವೂ ಇಲ್ಲ.

ಮಾಡುವುದಾದರೆ ಮೊದಲ ದಿನ ಒಂದು ಪರೀಕ್ಷೆ ಮಾಡಿ. ನೀವು ಸಾಮಾನ್ಯವಾಗಿ ಕೇಳುವುದಕ್ಕಿಂತ ಸ್ವಲ್ಪ ಜೋರಾಗಿ ಅರ್ಧ ಗಂಟೆ ಹಾಡು ಹಾಕಿ, ಪಕ್ಕದಲ್ಲೇ ಕೂತಿರಿ. ಆಮೇಲೆ ಎಲ್ಲ ಆರಿಸಿ, ಪ್ಲಗ್ ಕಿತ್ತು, ವೈರಿನ ಉದ್ದಕ್ಕೂ, ಫ್ಯೂಸಿನ ಹಿಡಿಕೆ, ಪ್ರತಿ ತಿರುಪಿನ ಹತ್ತಿರ ಕೈ ಆಡಿಸಿ. ಆಂಪ್ಲಿಫೈಯರಿನ ರೆಕ್ಕೆ ಬಿಸಿ ಇರಲಿ, ಅದರ ಸ್ವಭಾವವೇ ಅದು. ಅದಕ್ಕೆ ಗಾಳಿ ಸಿಗಬೇಕು, ಮುಚ್ಚಿದ ಕಪಾಟಿನಲ್ಲಿ ಇಡಬಾರದು. ವೈರ್ ಮಾತ್ರ ತಣ್ಣಗಿರಬೇಕು. ಎಲ್ಲಿ ಬೆಚ್ಚಗೆ ಅನ್ನಿಸಿತೋ ಅಲ್ಲಿ ಇನ್ನೂ ದಪ್ಪ ವೈರೋ ಇನ್ನೂ ಬಿಗಿ ತಿರುಪೋ ಬೇಕು ಅಂತ ತಿಳಿಯಿರಿ.

ನಿಮ್ಮ ಆಂಪ್ಲಿಫೈಯರಿನ ಫ್ಯೂಸ್ ಎಷ್ಟರದ್ದು, ನೀವಿರುವ ದೇಶದಲ್ಲಿ ಎಂಥ ಸಪ್ಲೈ ಸಿಕ್ಕಿತು ಅಂತ ನಮಗೆ ಬರೆದು ತಿಳಿಸಿ.